ಗೂಡು ತೂತಾಗುವ ಮುನ್ನ

ಸಂತೆಮರಹಳ್ಳಿಯ ಕಡೆ ರೇಷ್ಮೆ ಬೆಳೆದ ಯಾರನ್ನಾದರೂ ಕೇಳಿ. ಆ ಕೆಲಸದಲ್ಲಿ ‘ನಾಳೆ ನೋಡೋಣ’ ಎಂಬ ಮಾತಿಗೆ ಜಾಗವಿಲ್ಲ. ಹಣ್ಣಾದ ಹುಳು ಚಂದ್ರಿಕೆಯ ಮೇಲೆ 2-3 ದಿನಗಳಲ್ಲಿ ಗೂಡು ಕಟ್ಟಿ ಮುಗಿಸುತ್ತದೆ. ಒಳಗೆ ಕೋಶವಾಗಿ, ಸುಮಾರು 10-12 ದಿನಗಳಲ್ಲಿ ಚಿಟ್ಟೆಯಾಗುತ್ತದೆ. ಈ ಚಿಟ್ಟೆ ಒಂದು ದ್ರವವನ್ನು ಸ್ರವಿಸಿ, ಗೂಡಿನ ತುದಿಯನ್ನು ಮೆದುಗೊಳಿಸಿ, ತೂತು ಮಾಡಿಕೊಂಡು ಹೊರಬರುತ್ತದೆ. ಆಮೇಲೆ ನೂರಾರು ಮೀಟರ್ ಉದ್ದದ ಆ ನೂಲನ್ನು ಒಂದೇ ಎಳೆಯಾಗಿ ಬಿಚ್ಚಲಾಗದು. (ಮೊಟ್ಟೆಗೆಂದೇ ಬಿಡುವ ಬಿತ್ತನೆ ಗೂಡಿನ ಮಾತು ಬೇರೆ.) ಆದ್ದರಿಂದಲೇ ಗೂಡು ಬಿಡಿಸಿದ ರೈತ ಅದನ್ನು ಮನೆಯಲ್ಲಿಟ್ಟುಕೊಂಡು ಕೂರುವುದಿಲ್ಲ.

ವಿದ್ಯಾರ್ಥಿ ಮಿತ್ರರೇ, ನಿಮಗೆ ಹೊಳೆದ ಕತೆ, ನಾಟಕ, ವಿಜ್ಞಾನದ ಮಾದರಿ ಇವುಗಳ ಗತಿಯೂ ಬಹುಮಟ್ಟಿಗೆ ಹೀಗೆಯೇ. ನಾನಿದನ್ನು ತಡವಾಗಿ ಕಲಿತೆ. ಈ ಭಾಗದಲ್ಲಿ ಮಂಟೇಸ್ವಾಮಿ ಕಾವ್ಯ ಹಾಡುವ ಹಿರಿಯ ನೀಲಗಾರರೊಬ್ಬರ ಪರಿಚಯವಾಗಿತ್ತು. ಅವರ ಇಡೀ ರಾತ್ರಿಯ ಹಾಡನ್ನು ಚಿತ್ರೀಕರಿಸುವ ಆಸೆ. ಒಳ್ಳೆಯ ಕ್ಯಾಮೆರಾ ಸಿಗಲಿ, ಮಳೆಗಾಲ ಕಳೆಯಲಿ, ಬರವಣಿಗೆ ಪೂರ್ತಿಯಾಗಲಿ ಎನ್ನುತ್ತಾ ಎರಡು ವರ್ಷ ಕಳೆದೆ. ಕೊನೆಗೊಮ್ಮೆ ಹೋದಾಗ ತಂಬೂರಿ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. “ಓದೊರ್ಸ ಬಂದಿದ್ರ ನಮ್ಮಪ್ಪನೇ ಹಾಡೋನು ಸಾ” ಎಂದ ಮಗ.

ಇದು ಸೋಮಾರಿತನವೇ? ಪೂರ್ತಿ ಅಲ್ಲ. ತಲೆಯಲ್ಲಿರುವ ಕೃತಿಗೆ ಕುಂದಿಲ್ಲ. ಕಾಗದಕ್ಕೆ ಇಳಿಸಿದೊಡನೆ ಕುಂದು ಕಾಣುತ್ತದೆ. ಆ ಅಳುಕಿನಿಂದ ಕೆಲಸ ಮುಂದೂಡಿದಾಗ ತಕ್ಷಣ ಹಾಯೆನಿಸುತ್ತದೆ. ಈ ಹಾಯೆನಿಸುವಿಕೆಯೇ ಬಹುಮಾನದಂತೆ ಕೆಲಸ ಮಾಡಿ, ಮುಂದೂಡುವುದನ್ನು ಅಭ್ಯಾಸವಾಗಿಸುತ್ತದೆ.

ಪೀಟರ್ ಗಾಲ್ವಿಟ್ಸರ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನನಗೆ ಬಹಳ ಹಿಡಿಸಿತು. ಕ್ರಿಸ್‌ಮಸ್ ಮುನ್ನಾದಿನವನ್ನು ಹೇಗೆ ಕಳೆದೆವೆಂದು ಎರಡು ದಿನದೊಳಗೆ ಬರೆದು ಕಳುಹಿಸಲು ಜರ್ಮನಿಯ ವಿದ್ಯಾರ್ಥಿಗಳಿಗೆ ಹೇಳಲಾಯಿತು. ಯಾವಾಗ, ಎಲ್ಲಿ ಕೂತು ಬರೆಯುತ್ತೇವೆಂದು ಮೊದಲೇ ಗೊತ್ತುಮಾಡಿಕೊಂಡವರಲ್ಲಿ 10ಕ್ಕೆ ಸುಮಾರು 7 ಮಂದಿ ಬರೆದರು. ಉಳಿದವರಲ್ಲಿ 3 ಮಂದಿ ಮಾತ್ರ. ‘ಒಂದು ಕತೆ ಬರೆಯಬೇಕು’ ಎನ್ನುವುದು ಬರಿಯ ಆಸೆ. ‘ಭಾನುವಾರ ಬೆಳಿಗ್ಗೆ ಕಾಫಿ ಕುಡಿದೊಡನೆ ಜಗಲಿಯಲ್ಲಿ ಕೂತು ಮೊದಲ ಪುಟ ಬರೆಯುತ್ತೇನೆ’ ಎಂದರೆ, ಕಾಫಿಯ ಲೋಟವೇ ನಿಮಗೆ ನೆನಪಿಸುತ್ತದೆ.

ಕೇಳುವವರೊಬ್ಬರಿದ್ದರಂತೂ ಇನ್ನೂ ಒಳ್ಳೆಯದು. ಪಕ್ಕದ ಯಳಂದೂರಿನವಳೆಂದು ಹೆಸರಾದ ಸಂಚಿಯ ಹೊನ್ನಮ್ಮ 17ನೇ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆ ಅಡಿಕೆಯ ಸಂಚಿ ಹಿಡಿಯುತ್ತಿದ್ದವಳು. ಅವಳು ‘ಹದಿಬದೆಯ ಧರ್ಮ’ ಬರೆದದ್ದು ರಾಣಿ ದೇವಾಜಮ್ಮಣ್ಣಿಯ ಪ್ರೇರಣೆಯಿಂದ. ನಿಮಗೆ ರಾಣಿಯೇ ಬೇಕಿಲ್ಲ, ‘ಎಲ್ಲಿಗೆ ಬಂತು?’ ಎಂದು ಕೇಳುವ ಗೆಳತಿಯೋ ಮೇಷ್ಟರೋ ಸಾಕು.

ಅಂದು ನನ್ನ ಚೀಲದಲ್ಲಿ ಹಳೆಯ ಟೇಪ್ ರೆಕಾರ್ಡರ್ ಒಂದೇ ಇತ್ತು. ಮಗನಿಗೆ ಬರುತ್ತಿದ್ದಷ್ಟನ್ನು ಅಲ್ಲೇ ಹಾಡಿಸಿ ಹಿಡಿದುಕೊಂಡೆ. 20 ನಿಮಿಷದ ಹಾಡು. ನಡುವೆ ಎರಡು ಬಾರಿ ಕೋಳಿ ಕೂಗುತ್ತದೆ.