ನೆಲದೊಳಗೆ ಉಳಿದ ಎಣ್ಣೆ

ಬಾವಿಯ ನೀರಿನ ಗುಣವನ್ನು ನಮ್ಮ ಹಿರಿಯರು ಕಣ್ಣು, ಮೂಗು, ನಾಲಗೆ ಎಂಬ ಮೂರು ಸಾಕ್ಷಿಗಳಿಂದ ನಿರ್ಣಯಿಸುತ್ತಿದ್ದರು. ನೋಡಲು ತಿಳಿ, ಮೂಸಿದರೆ ನಾತವಿಲ್ಲ, ಕುಡಿದರೆ ಸಿಹಿ; ಇವುಗಳೊಡನೆ ತೊಗರಿಬೇಳೆಯೂ ಬೇಗ ಬೆಂದಿತೆಂದರೆ ಗೃಹಿಣಿಗೆ ಬೇರೆ ಪ್ರಮಾಣ ಬೇಕಿರಲಿಲ್ಲ. ಆದರೆ ಪೆಟ್ರೋಲಿನ ತೊಟ್ಟಿಗಳನ್ನೂ ಎಣ್ಣೆಯ ಕೊಳವೆಗಳನ್ನೂ ನೆಲದಲ್ಲಿ ಹೂಳಿರುವ ಈ ಯುಗದಲ್ಲಿ ಆ ಮೂರು ಸಾಕ್ಷಿಗಳನ್ನು ಎಷ್ಟರಮಟ್ಟಿಗೆ ನಂಬಬಹುದು? ಈ ಪ್ರಶ್ನೆಗೆ ತಾಳ್ಮೆಯಿಂದ ಉತ್ತರ ಹುಡುಕಿದ ಸ್ಥಳವೊಂದು ದೂರದ ಅಮೆರಿಕದಲ್ಲಿದೆ.

ಅಲ್ಲಿನ ಉತ್ತರದ ಗಡಿಯಲ್ಲಿರುವ ಮಿನೆಸೋಟ ರಾಜ್ಯವು ಸರೋವರಗಳ ನಾಡು. ಅಲ್ಲಿ ಸುಮಾರು ಐವರಲ್ಲಿ ಒಬ್ಬರು ಸ್ವಂತ ಬಾವಿಯ ನೀರನ್ನೇ ಕುಡಿಯುತ್ತಾರೆ. ಊರ ನಲ್ಲಿಯ ನೀರನ್ನು ಕಾನೂನಿನಂತೆ ಆಗಾಗ ಪರೀಕ್ಷಿಸಲಾಗುತ್ತದೆ. ಮನೆಯ ಬಾವಿಯ ಹೊಣೆಯಾದರೋ ಮನೆಯವರದೇ. ಈ ರಾಜ್ಯದ ಬೆಮಿಜಿ ಪಟ್ಟಣದಿಂದ ಸುಮಾರು 16 ಕಿಲೋಮೀಟರ್ ದೂರದಲ್ಲಿ, 1979ರ ಆಗಸ್ಟ್ 20ರಂದು, ಕಚ್ಚಾ ಎಣ್ಣೆ ಸಾಗಿಸುತ್ತಿದ್ದ ಕೊಳವೆಯೊಂದು ಒಡೆಯಿತು. ಪೆಟ್ರೋಲಿಗೂ ಡೀಸೆಲಿಗೂ ಮೂಲವಾದ ಆ ಎಣ್ಣೆ ಸುಮಾರು 17 ಲಕ್ಷ ಲೀಟರಿನಷ್ಟು ಹೊರಚೆಲ್ಲಿತು. ಹೀರಿ ತೆಗೆದರು, ಸುಟ್ಟರು, ಮಣ್ಣನ್ನೇ ಅಗೆದು ಸಾಗಿಸಿದರು. ಇಷ್ಟಾದರೂ ಸುಮಾರು 4 ಲಕ್ಷ ಲೀಟರ್ ನೆಲದೊಳಗೇ ಉಳಿಯಿತು.

ಉಳಿದುದರ ಗತಿಯೇನು? 1983ರಲ್ಲಿ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆಯು ಈ ಸ್ಥಳವನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡು ಸಂಶೋಧನೆಗೆ ತೊಡಗಿತು. ಎಣ್ಣೆ ನೀರಿಗಿಂತ ಹಗುರ. ಆದುದರಿಂದ ಅದು ಮರಳಿನ ಮೂಲಕ ಇಳಿದು ಅಂತರ್ಜಲದ ಮೇಲೆ ತೇಲುತ್ತದೆ. ಆದರೆ ಎಲ್ಲವೂ ತೇಲುವುದಿಲ್ಲ. ಉಪ್ಪಿನಕಾಯಿಯ ಜಾಡಿಯನ್ನು ಬರಿದು ಮಾಡಿದರೂ ಒಳಮೈಗೆ ಎಣ್ಣೆಯ ಜಿಡ್ಡು ಅಂಟಿಕೊಂಡಿರುವುದಿಲ್ಲವೆ? ಹಾಗೆಯೇ ಒಂದು ಪಾಲು ಮರಳಿನ ಕಣಗಳ ನಡುವೆ ಸಿಕ್ಕಿಕೊಳ್ಳುತ್ತದೆ. 1999ರಿಂದ ಕೆಲವು ವರ್ಷ ಪಂಪುಗಳನ್ನಿಟ್ಟು ಒಂದು ಲಕ್ಷ ಲೀಟರಿಗೂ ಮಿಕ್ಕ ಎಣ್ಣೆಯನ್ನು ತೆಗೆದ ಮೇಲೂ ಜಿಡ್ಡು ತೀರಲಿಲ್ಲ. ಇದರಿಂದ ಬೆಂಜೀನ್ ಮೊದಲಾದ ದ್ರವ್ಯಗಳು ಮೆಲ್ಲಮೆಲ್ಲನೆ ನೀರಿನಲ್ಲಿ ಕರಗಿ ಅದರೊಡನೆ ಪಯಣ ಬೆಳೆಸುತ್ತವೆ.

ಬೆಂಜೀನ್ ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲ ವಸ್ತು. ಕುಡಿಯುವ ನೀರಿನಲ್ಲಿ ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಒಂದು ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಆದರೆ ನೀರಿನಲ್ಲಿ ಬೆಂಜೀನಿನ ವಾಸನೆ ಮೂಗಿಗೆ ಗೊತ್ತಾಗಬೇಕಾದರೆ ಅದು ಈ ಮಿತಿಯ ಸುಮಾರು ಸಾವಿರ ಪಟ್ಟು ಇರಬೇಕು! ವಾಸನೆಯಿದ್ದರೆ ಅಪಾಯವೆಂಬುದು ನಿಜ. ವಾಸನೆಯಿಲ್ಲದಿದ್ದರೆ ಕ್ಷೇಮವೆಂಬುದು ನಿಜವಲ್ಲ.

ಹಾಗಾದರೆ ಪರೀಕ್ಷಿಸುವ ಬಗೆ ಹೇಗೆ? ನೆಲದಡಿಯ ನೀರು ನಿಂತ ನೀರಲ್ಲ, ಅದಕ್ಕೂ ಇಳಿಜಾರುಂಟು. ಕನಿಷ್ಠ ಮೂರು ಕಡೆ ಕೊಳವೆ ಇಳಿಸಿ ನೀರಿನ ಮಟ್ಟವನ್ನು ಅಳೆದರೆ ಅದು ಹರಿಯುವ ದಿಕ್ಕು ತಿಳಿಯುತ್ತದೆ. ತೊಟ್ಟಿಯ ಪಕ್ಕದಲ್ಲಿದ್ದೂ ಮೇಲ್ದಿಕ್ಕಿನ ಬಾವಿ ಶುದ್ಧವಾಗಿರಬಹುದು. ದೂರದಲ್ಲಿದ್ದೂ ಕೆಳದಿಕ್ಕಿನ ಬಾವಿ ಕೆಡಬಹುದು. ಬಾವಿಗೆ ಪಂಪು ಹಚ್ಚಿದರೆ ಸುತ್ತಲಿನ ನೀರು ಅದರತ್ತ ತಿರುಗುವುದೂ ಉಂಟು. ನೀರಿನ ಮಟ್ಟ ಬೇಸಗೆಯಲ್ಲಿ ಇಳಿದು ಮಳೆಗಾಲದಲ್ಲಿ ಏರುವುದರಿಂದ ಒಂದೇ ದಿನದ ಪರೀಕ್ಷೆ ಸಾಲದು. ಕಲುಷಿತ ಪ್ರದೇಶ ಬೆಳೆಯುತ್ತಿದೆಯೇ, ಕುಗ್ಗುತ್ತಿದೆಯೇ ಎಂಬುದನ್ನು ವರ್ಷಗಳ ಲೆಕ್ಕವೇ ಹೇಳಬೇಕು.

ಬೆಮಿಜಿಯಿಂದ ಒಂದು ಶುಭವಾರ್ತೆಯೂ ಬಂದಿತು. ನೆಲದೊಳಗಿನ ಸೂಕ್ಷ್ಮಜೀವಿಗಳು ಬೆಂಜೀನನ್ನೇ ಆಹಾರ ಮಾಡಿಕೊಂಡು ಅದರ ಪಯಣವನ್ನು ತಡೆಯುತ್ತವೆ. 1995ರಲ್ಲಿ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಶಾಲೆಯವರು ಕ್ಯಾಲಿಫೋರ್ನಿಯದ ಸೋರಿದ ತೊಟ್ಟಿಗಳನ್ನು ಕುರಿತು ಅಧ್ಯಯನ ನಡೆಸಿದಾಗಲೂ, ಬಹುಪಾಲು ಸ್ಥಳಗಳಲ್ಲಿ ಬೆಂಜೀನ್ ಸುಮಾರು 250 ಅಡಿಗಳನ್ನು ದಾಟಿರಲಿಲ್ಲ. ಬಹುಪಾಲು ಎಂದರೆ ಎಲ್ಲವೂ ಅಲ್ಲವೆಂಬುದನ್ನು ಮಾತ್ರ ಮರೆಯಬಾರದು.

ಆದರೆ ಪ್ರಕೃತಿ ಮಾಡುವ ಈ ಚಿಕಿತ್ಸೆಗೂ ಬೆಲೆಯುಂಟು. ನೀರಿನಲ್ಲಿರುವ ಆಮ್ಲಜನಕ ತೀರಿದ ಮೇಲೆ ಸೂಕ್ಷ್ಮಜೀವಿಗಳು ಮರಳಿನಲ್ಲಿರುವ ಕಬ್ಬಿಣವನ್ನು ಬಳಸತೊಡಗುತ್ತವೆ. ಆ ಕಬ್ಬಿಣಕ್ಕೆ ಅಂಟಿಕೊಂಡು ತೆಪ್ಪಗಿದ್ದ ನೈಸರ್ಗಿಕ ಆರ್ಸೆನಿಕ್ ಆಗ ಬಿಡುಗಡೆಯಾಗಿ ನೀರಿಗೆ ಸೇರುತ್ತದೆ. ಮಿತಿ ಲೀಟರಿಗೆ 10 ಮೈಕ್ರೋಗ್ರಾಂ ಇರುವಲ್ಲಿ, ಬೆಮಿಜಿಯ ಕಲುಷಿತ ನೀರಿನಲ್ಲಿ 230ರವರೆಗೆ ಆರ್ಸೆನಿಕ್ ಕಂಡುಬಂದಿತೆಂದು 2016ರಲ್ಲಿ ಸಂಶೋಧಕರು ಪ್ರಕಟಿಸಿದರು. ಒಂದು ವಿಷ ಕರಗುವಾಗ ಇನ್ನೊಂದು ತಲೆಯೆತ್ತಿತ್ತು. ಬೆಂಜೀನನ್ನಷ್ಟೇ ಅಳೆದಿದ್ದರೆ ಅದು ತಿಳಿಯುತ್ತಲೇ ಇರಲಿಲ್ಲ.

ಮಣ್ಣು ಬೇರೆಯಾದರೂ ಈ ವಿವೇಕ ನಮಗೂ ಸಲ್ಲುತ್ತದೆ. ಹಿತ್ತಿಲಲ್ಲಿ ಬಾವಿ, ಬೀದಿಯ ತಿರುವಿನಲ್ಲಿ ಪೆಟ್ರೋಲ್ ಬಂಕು ಇರುವ ಮನೆಗಳು ನಮ್ಮ ಊರುಗಳಲ್ಲಿ ಅಪರೂಪವಲ್ಲ. ಬಂಕಿದ್ದಲ್ಲೆಲ್ಲ ಸೋರಿಕೆಯುಂಟೆಂದು ಹೆದರಬೇಕಾಗಿಲ್ಲ. ಸಂಶಯ ಬಂದಾಗ ಮಾತ್ರ, ಕುದಿಸಿದರಾಯಿತೆಂದು ಸಮಾಧಾನಪಟ್ಟುಕೊಳ್ಳಬಾರದು. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ದಿಟ. ಬೆಂಜೀನಾದರೋ ಆವಿಯಾಗಿ ಅಡಿಗೆಮನೆಯ ಗಾಳಿಯನ್ನು ಸೇರುತ್ತದೆ, ಆರ್ಸೆನಿಕ್ ಪಾತ್ರೆಯಲ್ಲೇ ಉಳಿಯುತ್ತದೆ. ಗಾಳಿಗೆ ಎಡೆಯಿಲ್ಲದಂತೆ ಗಾಜಿನ ಸೀಸೆಯ ಕಂಠದವರೆಗೆ ನೀರು ತುಂಬಿ, ಬಿಗಿಯಾಗಿ ಮುಚ್ಚಿ, ತಣ್ಣಗಿರಿಸಿ ಪ್ರಯೋಗಶಾಲೆಗೆ ಕಳುಹಿಸಬೇಕು. ಉತ್ತರ ಬರುವವರೆಗೆ ಕುಡಿಯಲು ಬೇರೆಡೆಯ ನೀರು ತರುವುದು ಲೇಸು.

ಹಗಲು ಕಂಡ ಬಾವಿಗೆ ಇರುಳು ಬೀಳಬಾರದೆಂದು ನಮ್ಮ ಗಾದೆ ಎಚ್ಚರಿಸುತ್ತದೆ. ನೆಲದೊಳಗಿನ ಎಣ್ಣೆ ಹಗಲಿನಲ್ಲಿಯೂ ಕಣ್ಣಿಗೆ ಕಾಣದು. ಅದನ್ನು ಅಳೆದೇ ಕಾಣಬೇಕು.