ಮೂಗಿನ ರೂಪ ತಿದ್ದುವ ಶಸ್ತ್ರಚಿಕಿತ್ಸೆ: ಕಸಿ ಹಾಗೂ ಕೃತಕ ವಸ್ತುಗಳ ಆಯ್ಕೆ ಕುರಿತು ಸಾರ್ವಜನಿಕರಿಗೆ ಮಾಹಿತಿ

ತಗ್ಗಾದ ಮೂಗಿನ ಎತ್ತರವನ್ನು ಹೆಚ್ಚಿಸುವ ಮತ್ತು ತುದಿಯ ಆಕಾರವನ್ನು ತಿದ್ದುವ ಶಸ್ತ್ರಚಿಕಿತ್ಸೆಯು ಕೊರಿಯಾ, ಜಪಾನ್, ಚೀನಾ, ಥಾಯ್ಲೆಂಡ್ ಮೊದಲಾದ ದೇಶಗಳಲ್ಲಿ ಹಲವು ದಶಕಗಳಿಂದ ವ್ಯಾಪಕವಾಗಿ ನಡೆದುಬಂದಿದೆ. ಈ ಚಿಕಿತ್ಸೆಗಾಗಿ ಸೋಲ್ ಅಥವಾ ಬ್ಯಾಂಕಾಕ್ ನಗರಕ್ಕೆ ತೆರಳಲು ಉದ್ದೇಶಿಸಿರುವ ಹಾಗೂ ಅಲ್ಲಿನ ವಿಧಾನವನ್ನೇ ನಮ್ಮ ರಾಜ್ಯದಲ್ಲಿ ಮಾಡಿಸಿಕೊಳ್ಳಲು ಬಯಸುವ ನಾಗರಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಮೂಗು ಹೇಗೆ ಕಾಣುವುದು, ವೆಚ್ಚ ಎಷ್ಟಾಗುವುದು ಎಂಬುದನ್ನು ಎಲ್ಲರೂ ಕೇಳುತ್ತಾರೆ. ಒಳಗೆ ಇಡುವ ವಸ್ತು ಯಾವುದು ಎಂಬುದನ್ನು ಕೇಳದೆಯೇ ಸಮ್ಮತಿ ಪತ್ರಕ್ಕೆ ಸಹಿ ಹಾಕುವುದುಂಟು. ಹತ್ತು ಅಥವಾ ಇಪ್ಪತ್ತು ವರ್ಷಗಳ ನಂತರ ಮೂಗಿನ ಸ್ಥಿತಿ ಏನಾಗಿರುತ್ತದೆ ಎಂಬುದು ಬಹುಮಟ್ಟಿಗೆ ಆ ವಸ್ತುವನ್ನು ಮತ್ತು ಅದನ್ನು ಇಟ್ಟ ಜಾಗವನ್ನು ಅವಲಂಬಿಸಿರುತ್ತದೆ.

ಮೂಗಿನ ರಚನೆ

ಪಾಶ್ಚಾತ್ಯ ಗ್ರಂಥಗಳಲ್ಲಿ ವಿವರಿಸಲಾದ ಶಸ್ತ್ರಚಿಕಿತ್ಸೆಯು ಹೆಚ್ಚಾಗಿ ಮೂಗಿನ ಉಬ್ಬನ್ನು ತಗ್ಗಿಸುವಂಥದು. ಪೂರ್ವ ಏಷ್ಯಾದ ಜನರಲ್ಲಿ ಸಮಸ್ಯೆಯ ಸ್ವರೂಪವೇ ಬೇರೆ. ಹುಬ್ಬುಗಳ ನಡುವಿನಿಂದ ತುದಿಯವರೆಗೆ ಇಳಿದುಬರುವ ಮೂಗಿನ ಏಣು ಸಾಮಾನ್ಯವಾಗಿ ತಗ್ಗಾಗಿರುತ್ತದೆ. ತುದಿಯ ಚರ್ಮ ದಪ್ಪವಾಗಿರುತ್ತದೆ. ಅದನ್ನು ಎತ್ತಿ ಹಿಡಿಯಬೇಕಾದ ಮೃದ್ವಸ್ಥಿಯು ತೆಳುವಾಗಿ, ದುರ್ಬಲವಾಗಿರುತ್ತದೆ. ಆದುದರಿಂದ ಇಲ್ಲಿ ಕತ್ತರಿಸಿ ತೆಗೆಯುವುದಕ್ಕಿಂತ ಸೇರಿಸುವುದೇ ಮುಖ್ಯ ಕೆಲಸವಾಗಿರುತ್ತದೆ. ಸೇರಿಸಲು ವಸ್ತು ಬೇಕು.

ಏಣು ಮತ್ತು ತುದಿ ಒಂದೇ ಮೂಗಿನ ಭಾಗಗಳಾದರೂ ಅವುಗಳ ಸ್ವಭಾವ ಒಂದೇ ಅಲ್ಲ ಎಂಬುದನ್ನು ಅರ್ಜಿದಾರರು ವಿಶೇಷವಾಗಿ ಗಮನಿಸತಕ್ಕದ್ದು. ಏಣಿನ ಮೇಲ್ಭಾಗದ ಕೆಳಗೆ ಗಟ್ಟಿ ಮೂಳೆಯಿದ್ದು ಅದು ಅಲುಗಾಡುವುದಿಲ್ಲ. ತುದಿಯಾದರೋ ನಗುವಾಗ, ಮಾತನಾಡುವಾಗ, ಮಗ್ಗುಲಾಗಿ ಮಲಗಿದಾಗ ಸದಾ ಚಲಿಸುತ್ತದೆ, ಒತ್ತಡಕ್ಕೆ ಒಳಗಾಗುತ್ತದೆ. ಏಣಿನ ಮೇಲೆ ವರ್ಷಗಟ್ಟಲೆ ತೊಂದರೆ ಕೊಡದೆ ಉಳಿಯುವ ಕೃತಕ ವಸ್ತುವು ತುದಿಯಲ್ಲಿ ಚರ್ಮವನ್ನು ಒಳಗಿನಿಂದ ಸವೆಸಿ ಹೊರಬರಬಹುದು.

ಸ್ವಂತ ದೇಹದ ಮೃದ್ವಸ್ಥಿ

ಮೂಗಿನ ಒಳಗಿನ ನಡುಗೋಡೆಯ ಮೃದ್ವಸ್ಥಿಯು ನೇರವಾಗಿದ್ದು, ಬೇರೆ ಕಡೆ ಗಾಯ ಮಾಡದೆ ಅದೇ ಶಸ್ತ್ರಚಿಕಿತ್ಸೆಯಲ್ಲಿ ದೊರೆಯುತ್ತದೆ. ಆದರೆ ಮೂಗು ಕುಸಿಯದಿರಲು ನಡುಗೋಡೆಯ ಮೇಲಂಚು ಹಾಗೂ ಮುಂದಂಚುಗಳಲ್ಲಿ ಕನಿಷ್ಠ 10 ಮಿಲಿಮೀಟರ್ ಅಗಲದ ಪಟ್ಟಿಯನ್ನು ಉಳಿಸಲೇಬೇಕು. ಪೂರ್ವ ಏಷ್ಯಾದವರಲ್ಲಿ ನಡುಗೋಡೆಯೇ ಚಿಕ್ಕದಿರುವುದರಿಂದ ಉಳಿಸಿದ ನಂತರ ಸಿಗುವುದು ಅಲ್ಪ. ತುದಿಯ ಆಸರೆಗೆ ಅದು ಸಾಕಾಗಬಹುದು, ಏಣನ್ನು ಎತ್ತರಿಸಲು ಸಾಲದು.

ಕಿವಿಯ ಒಳತಗ್ಗಿನಿಂದ ತೆಗೆದ ಮೃದ್ವಸ್ಥಿಯು ಸಹಜವಾಗಿಯೇ ಬಾಗಿದ್ದು ತುದಿಯ ಆಕಾರಕ್ಕೆ ಚೆನ್ನಾಗಿ ಹೊಂದುತ್ತದೆ. ಗಾಯದ ಕಲೆ ಕಿವಿಯ ಹಿಂದೆ ಮರೆಯಾಗುತ್ತದೆ. ನೇರವಾದ, ಗಟ್ಟಿಯಾದ ಆಸರೆ ಬೇಕಾದಲ್ಲಿ ಇದು ಅಷ್ಟು ಉಪಯುಕ್ತವಲ್ಲ.

ಹೆಚ್ಚು ಪ್ರಮಾಣದಲ್ಲಿ ಬೇಕಾದಾಗ ಪಕ್ಕೆಲುಬಿನ ಮೃದ್ವಸ್ಥಿಯೇ ಗತಿ. ಅಪಘಾತದಿಂದ ಕುಸಿದ ಮೂಗಿಗೂ, ಹಿಂದಿನ ಶಸ್ತ್ರಚಿಕಿತ್ಸೆ ಕೆಟ್ಟು ಕುಗ್ಗಿದ ಮೂಗಿಗೂ ಇದನ್ನೇ ಆಶ್ರಯಿಸಬೇಕಾಗುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಎದೆಯ ಮೇಲೆ ಕಲೆ ಉಳಿಯುತ್ತದೆ. ಕೆಲವು ದಿನ ಉಸಿರೆಳೆದಾಗ ನೋವಿರುತ್ತದೆ. ಅಪರೂಪಕ್ಕೆ ಶ್ವಾಸಕೋಶದ ಹೊರಪೊರೆಗೆ ಪೆಟ್ಟಾಗಿ ಎದೆಗೂಡಿನೊಳಗೆ ಗಾಳಿ ತುಂಬಿಕೊಳ್ಳಬಹುದು. ವಯಸ್ಸಾದವರಲ್ಲಿ ಈ ಮೃದ್ವಸ್ಥಿಯು ಸುಣ್ಣಗಟ್ಟಿ ಪೆಡಸಾಗಿರುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಕೆತ್ತಿದ ಪಕ್ಕೆಲುಬಿನ ತುಂಡು ಕಾಲಕ್ರಮೇಣ ಬಾಗುವ ಸ್ವಭಾವ. ಹಸಿ ಮರದ ಹಲಗೆ ಒಣಗುವಾಗ ಸೊಟ್ಟಗಾಗುವುದನ್ನು ಬಡಗಿಗಳು ಬಲ್ಲರು. ಇಲ್ಲಿ ಕಾರಣ ಒಣಗುವಿಕೆಯಲ್ಲ, ಹೊರಪದರದಲ್ಲಿ ಅಡಗಿರುವ ಬಿಗಿತ. ತುಂಡಿನ ಎರಡೂ ಬದಿಗಳನ್ನು ಸಮನಾಗಿ ಕೆತ್ತಿ ಒಳಭಾಗವನ್ನು ಬಳಸಿದರೆ ಈ ದೋಷ ಕಡಿಮೆಯಾಗುತ್ತದೆ ಎಂದು ಗಿಬ್ಸನ್ ಮತ್ತು ಡೇವಿಸ್ ಎಂಬ ವೈದ್ಯರು 1958ರಲ್ಲಿಯೇ ತೋರಿಸಿದ್ದರು. ಇಂದಿಗೂ ಅದೇ ತತ್ವವನ್ನು ಅನುಸರಿಸಲಾಗುತ್ತಿದೆ.

ಬಾಗುವಿಕೆಯನ್ನು ತಪ್ಪಿಸುವ ಇನ್ನೊಂದು ಮಾರ್ಗವೆಂದರೆ ಮೃದ್ವಸ್ಥಿಯನ್ನು ಸಣ್ಣ ಚೂರುಗಳಾಗಿ ಹೆಚ್ಚಿ, ಪೊರೆಯಲ್ಲಿ ಸುತ್ತಿ ಏಣಿನ ಮೇಲೆ ಇಡುವುದು. ಟರ್ಕಿ ದೇಶದ ವೈದ್ಯ ಎರೋಲ್ ಅವರು 2000ದಲ್ಲಿ ಇದನ್ನು ಪ್ರಚುರಪಡಿಸಿದಾಗ ಸುತ್ತಲು ಬಳಸಿದ್ದು ರಕ್ತಸ್ರಾವ ನಿಲ್ಲಿಸುವ ಒಂದು ಬಗೆಯ ಬಟ್ಟೆ. 2004ರಲ್ಲಿ ಅಮೆರಿಕದ ಡೇನಿಯಲ್ ಹಾಗೂ ಕ್ಯಾಲ್ವಿನ್ ಅವರು ಆ ಬಟ್ಟೆಯ ಬದಲು ರೋಗಿಯ ಕಣತಲೆಯ ಸ್ನಾಯುವಿನ ಮೇಲಿನ ಪೊರೆಯನ್ನು ಬಳಸಿದಾಗ ಚೂರುಗಳು ಕರಗದೆ ಉಳಿಯುವುದನ್ನು ವರದಿ ಮಾಡಿದರು.

ನಮ್ಮ ನೆಲದ ಒಂದು ಪ್ರಸಂಗವನ್ನು ಇಲ್ಲಿ ಸ್ಮರಿಸಬಹುದು. ಟಿಪ್ಪು ಸುಲ್ತಾನನೊಡನೆ 1792ರಲ್ಲಿ ಮುಗಿದ ಯುದ್ಧದಲ್ಲಿ ಆಂಗ್ಲ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕವಾಸ್ಜಿ ಎಂಬಾತನು ಸೆರೆಸಿಕ್ಕಿ ಮೂಗನ್ನು ಕಳೆದುಕೊಂಡನು. ಅನಂತರ ಪುಣೆಯಲ್ಲಿ ದೇಶೀಯ ವೈದ್ಯನೊಬ್ಬನು ಅವನ ಹಣೆಯ ಚರ್ಮದಿಂದಲೇ ಹೊಸ ಮೂಗನ್ನು ರಚಿಸಿದ ವೃತ್ತಾಂತವು 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್‌ನಲ್ಲಿ ಪ್ರಕಟವಾಯಿತು. ಆ ವಿಧಾನವು ಮೂಗಿಗೆ ಹೊದಿಕೆಯನ್ನು ಒದಗಿಸಿತು. ಒಳಗಿನ ಆಸರೆಯ ಪ್ರಶ್ನೆ ಹಾಗೆಯೇ ಉಳಿದಿತ್ತು.

ಕೃತಕ ವಸ್ತುಗಳು

ಏಷ್ಯಾದಲ್ಲಿ ಅತ್ಯಂತ ಹೆಚ್ಚು ಕಾಲದಿಂದ ಬಳಕೆಯಲ್ಲಿರುವುದು ಘನ ಸಿಲಿಕೋನ್. ಇದು ಅಗ್ಗ, ಕೆತ್ತಲು ಸುಲಭ, ಬೇರೆ ಕಡೆ ಗಾಯ ಮಾಡಬೇಕಿಲ್ಲ. ದೇಹವು ಇದರೊಂದಿಗೆ ಬೆಸೆದುಕೊಳ್ಳುವುದಿಲ್ಲ; ಸುತ್ತಲೂ ಒಂದು ಪೊರೆಯನ್ನು ಕಟ್ಟಿ ಬೇರೆಯಾಗಿಯೇ ಇಡುತ್ತದೆ. ಅಗತ್ಯ ಬಿದ್ದಾಗ ಸುಲಭವಾಗಿ ಹೊರತೆಗೆಯಲು ಸಾಧ್ಯವಾಗುವುದು ಈ ಕಾರಣದಿಂದಲೇ. ಅದು ಪಕ್ಕಕ್ಕೆ ಸರಿಯುವುದಕ್ಕೆ, ಪೊರೆ ಬಿಗಿದು ಮೂಗು ಕುಗ್ಗುವುದಕ್ಕೆ ಮೂಲವೂ ಇದೇ. ಮೊದಲು ಏಣಿನಿಂದ ತುದಿಯವರೆಗೆ ಬಾಗಿ ಇಳಿಯುವ ‘ಎಲ್’ ಆಕಾರದ ತುಂಡನ್ನು ಇಡುತ್ತಿದ್ದರು. ತುದಿಯ ಚರ್ಮ ತೆಳುವಾಗಿ, ಕೆಂಪಾಗಿ, ಕೊನೆಗೆ ತೂತಾದ ಪ್ರಕರಣಗಳಿಂದ ಪಾಠ ಕಲಿತು ಈಗ ಅನೇಕ ತಜ್ಞರು ಏಣಿಗೆ ಮಾತ್ರ ನೇರವಾದ ತುಂಡನ್ನಿಟ್ಟು ತುದಿಗೆ ರೋಗಿಯ ಸ್ವಂತ ಮೃದ್ವಸ್ಥಿಯನ್ನು ಬಳಸುತ್ತಾರೆ. ಕೃತಕ ವಸ್ತುವನ್ನು ಬಳಸಲೇಬೇಕೆಂದಾದಲ್ಲಿ ಈ ಸಂಯೋಜನೆಯೇ ಸೂಕ್ತವೆನ್ನಬಹುದು.

ಗೋರ್‌ಟೆಕ್ಸ್ ಎಂಬ ಹೆಸರಿನಿಂದ ಪರಿಚಿತವಾದ ವಸ್ತುವಿನಲ್ಲಿ ಅತಿ ಸೂಕ್ಷ್ಮ ರಂಧ್ರಗಳಿದ್ದು, ಅಂಗಾಂಶವು ಸ್ವಲ್ಪ ಒಳಬೆಳೆಯುವುದರಿಂದ ಅದು ಸಿಲಿಕೋನ್‌ನಷ್ಟು ಸರಿಯುವುದಿಲ್ಲ. ಆದರೆ ಸೋಂಕು ತಗುಲಿದರೆ ಆ ರಂಧ್ರಗಳಲ್ಲಿಯೇ ನೆಲೆಯೂರುತ್ತದೆ, ತೆಗೆಯುವುದೂ ಅಷ್ಟು ಸುಲಭವಲ್ಲ. ಇನ್ನೂ ದೊಡ್ಡ ರಂಧ್ರಗಳುಳ್ಳ, ಗಟ್ಟಿಯಾದ ಪಾಲಿಎಥಿಲೀನ್ ಅಂಗಾಂಶದೊಂದಿಗೆ ಬಿಗಿಯಾಗಿ ಹೆಣೆದುಕೊಳ್ಳುತ್ತದೆ. ಇದನ್ನು ತೆಗೆಯಬೇಕಾದ ಪ್ರಸಂಗ ಬಂದರೆ ಸುತ್ತಲಿನ ಆರೋಗ್ಯವಂತ ಭಾಗಕ್ಕೂ ಹಾನಿಯಾಗುವ ಸಂಭವವಿರುತ್ತದೆ. ಮೃತ ದಾನಿಗಳಿಂದ ಪಡೆದು ವಿಕಿರಣದಿಂದ ಶುದ್ಧೀಕರಿಸಿದ ಪಕ್ಕೆಲುಬಿನ ಮೃದ್ವಸ್ಥಿಯೂ ಬಳಕೆಯಲ್ಲಿದೆ; ಅದು ಕಾಲಾಂತರದಲ್ಲಿ ಕರಗಿ ಎತ್ತರ ತಗ್ಗಬಹುದು.

ಶಸ್ತ್ರಚಿಕಿತ್ಸೆಯಿಲ್ಲದೆ ಸೂಜಿಯ ಮೂಲಕ ತುಂಬುವ ಫಿಲ್ಲರ್‌ಗಳನ್ನು ನಿರಪಾಯಕಾರಿ ಎಂದು ಭಾವಿಸಬಾರದು. ಅದು ರಕ್ತನಾಳದೊಳಗೆ ಸೇರಿದರೆ ಚರ್ಮ ಕೊಳೆಯಬಹುದು, ಶಾಶ್ವತವಾಗಿ ದೃಷ್ಟಿ ಹೋಗಬಹುದು. ಬ್ಯೂಟಿ ಪಾರ್ಲರ್‌ಗಳಲ್ಲಿ ಇದನ್ನು ಯಾವ ಕಾರಣಕ್ಕೂ ಮಾಡಿಸಿಕೊಳ್ಳತಕ್ಕದ್ದಲ್ಲ.

ಸೋಂಕಿನ ಲಕ್ಷಣಗಳು

ಕೃತಕ ವಸ್ತುವಿಗೆ ತಗುಲುವ ಸೋಂಕು ವರ್ಷಗಳ ನಂತರವೂ ಕಾಣಿಸಿಕೊಳ್ಳಬಹುದು. ತುದಿಯಲ್ಲಿ ಮಾಸದ ಕೆಂಪು, ಊತ, ಮೊಡವೆಯಂತಹ ಗುಳ್ಳೆ, ಚರ್ಮ ಬಿಳಿಚಿ ಹೊಳೆಯುವುದು, ಹೊಳ್ಳೆಯೊಳಗೆ ಕೀವು ಕಂಡುಬಂದಲ್ಲಿ ಗುಳ್ಳೆಯನ್ನು ಒಡೆಯದೆ ಕೂಡಲೇ ತಜ್ಞರನ್ನು ಕಾಣಬೇಕು. ತುದಿ ತೂತಾಗುವ ಮೊದಲೇ ವಸ್ತುವನ್ನು ತೆಗೆದರೆ ಮೂಗನ್ನು ಸರಿಪಡಿಸುವ ಅವಕಾಶ ಹೆಚ್ಚು. ವಿಳಂಬ ಮಾಡಿ, ಮತ್ತೆ ಮತ್ತೆ ಸೋಂಕಾದ ಮೂಗು ಒಳಗೆ ಗಾಯಗಟ್ಟಿ, ಮೇಲಕ್ಕೆ ಸೆಳೆದು ಗಿಡ್ಡವಾಗುತ್ತದೆ. ಹೊಳ್ಳೆಗಳು ಎದುರಿಗೇ ಕಾಣುವಂತಾಗುತ್ತವೆ, ಉಸಿರಾಟಕ್ಕೂ ತೊಂದರೆಯಾಗಬಹುದು. ಅದನ್ನು ತಿದ್ದುವುದು ಈ ಕ್ಷೇತ್ರದ ಅತ್ಯಂತ ಕಠಿಣ ಕೆಲಸಗಳಲ್ಲೊಂದು.

ಸಹಿ ಮಾಡುವ ಮುನ್ನ

ಏಣಿಗೆ ಯಾವ ವಸ್ತು, ತುದಿಗೆ ಯಾವ ವಸ್ತು ಎಂಬುದನ್ನು ಸಮ್ಮತಿ ಪತ್ರದಲ್ಲಿ ಬೇರೆ ಬೇರೆಯಾಗಿ ನಮೂದಿಸುವಂತೆ ಕೇಳಬೇಕು. ಯೋಜಿಸಿದಷ್ಟು ಮೃದ್ವಸ್ಥಿ ಸಿಗದಿದ್ದರೆ ಏನು ಮಾಡಲಾಗುವುದು ಎಂಬುದನ್ನು ಮೊದಲೇ ನಿರ್ಧರಿಸಿ ಬರೆಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಅರಿವಳಿಕೆಯಲ್ಲಿರುವಾಗ ನಿಮ್ಮನ್ನು ಕೇಳಲಾಗದು. ಧೂಮಪಾನಿಗಳು, ಮಧುಮೇಹಿಗಳು ಹಾಗೂ ಹಿಂದೆ ಮೂಗಿಗೆ ಏನನ್ನಾದರೂ ಚುಚ್ಚಿಸಿಕೊಂಡವರು ಅದನ್ನು ಮುಚ್ಚಿಡಬಾರದು.

ಕೊರಿಯಾಕ್ಕೆ ತೆರಳುವವರು, ವಿದೇಶಿ ರೋಗಿಗಳನ್ನು ಸ್ವೀಕರಿಸುವ ಆಸ್ಪತ್ರೆಯು ಅಲ್ಲಿನ ಸರ್ಕಾರದಲ್ಲಿ ನೋಂದಣಿ ಹೊಂದಿದೆಯೇ ಎಂದು ಪರಿಶೀಲಿಸಬೇಕು. ರೋಗಿಗೆ ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ನಡೆಯುವ ಶಸ್ತ್ರಚಿಕಿತ್ಸೆಯ ಚಿತ್ರೀಕರಣವನ್ನು ಕೋರುವ ಹಕ್ಕು ಅಲ್ಲಿ ಸೆಪ್ಟೆಂಬರ್ 2023ರಿಂದ ಜಾರಿಯಲ್ಲಿದೆ. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಡಿ ನೋಂದಣಿ ಹೊಂದಿರತಕ್ಕದ್ದು. ದೂರುಗಳಿದ್ದಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ಸಲ್ಲಿಸಬಹುದು. ಕೇವಲ ಸೌಂದರ್ಯಕ್ಕಾಗಿ ಮಾಡಿಸಿಕೊಳ್ಳುವ ಚಿಕಿತ್ಸೆಯು ಆಯುಷ್ಮಾನ್ ಭಾರತ್ ಯೋಜನೆಯ ವ್ಯಾಪ್ತಿಗೆ ಬರುವುದಿಲ್ಲ.

ಕೃತಕ ವಸ್ತುವನ್ನು ಅಳವಡಿಸಿದಲ್ಲಿ ಅದರ ಪೊಟ್ಟಣದ ಮೇಲಿನ ಚೀಟಿಯನ್ನು, ಅಂದರೆ ತಯಾರಕರ ಹೆಸರು, ತಂಡದ ಸಂಖ್ಯೆ ಮತ್ತು ಅಳತೆಯಿರುವ ಭಾಗವನ್ನು, ಬಿಡುಗಡೆ ಪತ್ರದೊಂದಿಗೆ ಕೇಳಿ ಪಡೆದು ಜೋಪಾನವಾಗಿಡತಕ್ಕದ್ದು. ಮುಂದೆ ಬೇರೊಬ್ಬ ವೈದ್ಯರು ಆ ಮೂಗನ್ನು ತೆರೆಯಬೇಕಾಗಿ ಬಂದಾಗ ಅವರು ಮೊದಲು ಕೇಳುವುದು ಆ ಚೀಟಿಯನ್ನೇ.