ಸೀತಾಳೆದಂಡೆ: ತಪ್ಪು ಕಲ್ಪನೆ ಮತ್ತು ಸತ್ಯ

ಪಡುವಣದಲ್ಲಿ ಅರಬ್ಬೀ ಸಮುದ್ರವನ್ನೂ ಮೂಡಣದಲ್ಲಿ 1343 ಮೀಟರ್ ಎತ್ತರದ ಕೊಡಚಾದ್ರಿಯನ್ನೂ ಕಾಣುವ ಕಿರಿಮಂಜೇಶ್ವರದ ಸೀಮೆಯಲ್ಲಿ, ವೈಶಾಖದ ಸೆಕೆ ಸಹಿಸಲಸಾಧ್ಯವಾಗಿ ಜನರು ಮುಂಗಾರಿನ ಮೊದಲ ಮೋಡವನ್ನು ಎದುರುನೋಡುತ್ತಿರುವ ದಿನಗಳಲ್ಲಿಯೇ, ಅಲ್ಲಲ್ಲಿ ಉಳಿದಿರುವ ಹಳೆಯ ಮಾವು ಹಲಸುಗಳ ಕೊಂಬೆಗಳಿಂದ ಬಿಳುಪಿನ ಮೇಲೆ ನಸುನೇರಳೆ ಚುಕ್ಕೆಗಳನ್ನು ತಳೆದ ಹೂಗೊಂಚಲುಗಳು ಇಳಿಬೀಳುತ್ತವೆ. ಒಂದೊಂದು ಗೊಂಚಲಿನಲ್ಲಿಯೂ ನೂರಕ್ಕೆ ಮಿಕ್ಕ ಹೂಗಳು ಒತ್ತೊತ್ತಾಗಿ ಜೋಡಿಸಿಕೊಂಡಿರಬಹುದು. ಇದೇ ಸೀತಾಳೆದಂಡೆ, ಸಸ್ಯಶಾಸ್ತ್ರಜ್ಞರು ರಿಂಕೋಸ್ಟೈಲಿಸ್ ರೆಟ್ಯೂಸಾ ಎಂದು ಕರೆಯುವ ಆರ್ಕಿಡ್. ಹೆಂಗಳೆಯರು ಅಕ್ಕರೆಯಿಂದ ಮುಡಿಯುವ ಈ ಹೂವಿನ ಜೀವನಕ್ರಮವನ್ನು ಕುರಿತು ನಮ್ಮಲ್ಲಿ ರೂಢಿಯಾಗಿರುವ ನಂಬಿಕೆಗಳಲ್ಲಿ ಕೆಲವು ನಿರಾಧಾರವಾದುವು ಮಾತ್ರವಲ್ಲ, ಗಿಡದ ಪ್ರಾಣಕ್ಕೇ ಎರವಾಗತಕ್ಕವು.

ತಪ್ಪು ಕಲ್ಪನೆ: ಇದೊಂದು ಬಗೆಯ ಬಂದಣಿಕೆ; ಮರದ ಸಾರವನ್ನು ಹೀರಿ ಬದುಕುತ್ತದೆ.

ಸತ್ಯ: ಬಂದಣಿಕೆಯು ತನ್ನ ಹೀರುಬೇರನ್ನು ಕೊಂಬೆಯ ಒಳಕ್ಕೆ ತೂರಿಸಿ ಮರದ ನೀರನ್ನೂ ಲವಣಗಳನ್ನೂ ಸೆಳೆದುಕೊಳ್ಳುತ್ತದೆ. ಸೀತಾಳೆದಂಡೆಯ ಬೇರಾದರೋ ತೊಗಟೆಯ ಮೇಲೆಯೇ ಹರಿದಾಡುವುದಲ್ಲದೆ ಒಳಕ್ಕೆ ಇಳಿಯುವುದಿಲ್ಲ. ಒಣಗಿದಾಗ ಬೂದುಬಿಳುಪಾಗಿ ಕಾಣುವ ಆ ದಪ್ಪ ಬೇರಿನ ಮೇಲೆ ಒಂದಿಷ್ಟು ನೀರನ್ನು ಚಿಮುಕಿಸಿ ನೋಡಿದರೆ, ನೋಡುನೋಡುತ್ತಿದ್ದಂತೆಯೇ ಅದು ಹಸುರಾಗುತ್ತದೆ. ಬೇರಿನ ಹೊರಮೈಯನ್ನು ಆವರಿಸಿದ ನಿರ್ಜೀವ ಕೋಶಗಳ ಪದರವು ಸ್ಪಂಜಿನಂತೆ ನೀರನ್ನು ಹೀರಿ ಪಾರದರ್ಶಕವಾಗಿ, ಅದರಡಿಯ ಪತ್ರಹರಿತ್ತು ಹೊರಗೆ ತೋರುವುದೇ ಇದಕ್ಕೆ ಕಾರಣ. ಮಳೆಯ ನೀರು, ಇಬ್ಬನಿ, ತೊಗಟೆಯ ಸಂದುಗಳಲ್ಲಿ ಕೊಳೆತ ತರಗೆಲೆಯ ಪುಡಿ, ಇಷ್ಟರಿಂದಲೇ ಅದು ತನಗೆ ಬೇಕಾದ ನೀರನ್ನೂ ಲವಣಗಳನ್ನೂ ಗಳಿಸಿಕೊಂಡು, ಸೂರ್ಯನ ಬೆಳಕಿನಲ್ಲಿ ತನ್ನ ಆಹಾರವನ್ನು ತಾನೇ ಸಿದ್ಧಗೊಳಿಸುತ್ತದೆ. ಮರದಿಂದ ಅದು ಪಡೆಯುವುದು ಆಸರೆಯೊಂದನ್ನೇ. ಆದುದರಿಂದ ಮರಕ್ಕೆ ಕೇಡೆಂದು ಭಾವಿಸಿ ಅದನ್ನು ಕೆರೆದು ಬಿಸುಡುವುದು ನಿರಪರಾಧಿಯನ್ನು ದಂಡಿಸಿದಂತೆ.

ತಪ್ಪು ಕಲ್ಪನೆ: ಇದು ಘಟ್ಟದ ಮೇಲಣ ದಟ್ಟಡವಿಯಲ್ಲಿ ಮಾತ್ರ ಬೆಳೆಯತಕ್ಕದ್ದು.

ಸತ್ಯ: ಕೊಲ್ಲೂರಿನ ಸುತ್ತಣ ಮೂಕಾಂಬಿಕಾ ಅಭಯಾರಣ್ಯದಂತಹ ಸಹ್ಯಾದ್ರಿಯ ಕಾಡುಗಳು ಇಂತಹ ಗಿಡಗಳಿಗೆ ತವರಾಗಿರುವುದು ದಿಟವೇ, ಆದರೆ ಸೀತಾಳೆದಂಡೆಯು ಕರಾವಳಿಯ ಬಯಲಿಗೂ ಪರಕೀಯವಲ್ಲ. ಕೊಚ್ಚಿಯ ಡಚ್ ಅಧಿಪತಿಯಾಗಿದ್ದ ವಾನ್ ರೀಡನ, ಮಲಬಾರಿನ ಸಸ್ಯಗಳನ್ನು ಕುರಿತ ಹೋರ್ಟಸ್ ಮಲಬಾರಿಕಸ್ ಗ್ರಂಥದ 12ನೆಯ ಸಂಪುಟದಲ್ಲಿ, ಅಂದರೆ 1693ರಷ್ಟು ಹಿಂದೆಯೇ, ಇದರ ಚಿತ್ರವು ಅಚ್ಚಾಗಿತ್ತು. 1753ರಲ್ಲಿ ಸಸ್ಯಶಾಸ್ತ್ರಜ್ಞ ಲಿನೇಯಸನು ಇದಕ್ಕೆ ಶಾಸ್ತ್ರೀಯ ನಾಮವನ್ನು ಕೊಡುವಾಗ ಆ ಚಿತ್ರವನ್ನೇ ಆಧಾರವಾಗಿ ಉಲ್ಲೇಖಿಸಿದನು. ಹಿಮಾಲಯದ ತಪ್ಪಲಿನಿಂದ ಶ್ರೀಲಂಕೆಯವರೆಗೂ, ಪೂರ್ವದಲ್ಲಿ ಫಿಲಿಪೈನ್ಸಿನವರೆಗೂ ಇದರ ನೆಲೆ ಹಬ್ಬಿದೆ. ಅಸ್ಸಾಮಿನ ರಾಜ್ಯಪುಷ್ಪವೂ ಇದೇ. ಅಲ್ಲಿಯ ಹೆಣ್ಣುಮಕ್ಕಳು ಬಿಹು ನೃತ್ಯದಲ್ಲಿ ಇದನ್ನು ಮುಡಿಗೇರಿಸುತ್ತಾರೆ. ಈ ಗಿಡಕ್ಕೆ ಬೇಕಾದುದು ಎತ್ತರದ ಬೆಟ್ಟಕ್ಕಿಂತ ಹೆಚ್ಚಾಗಿ ಒರಟು ತೊಗಟೆಯ ಹಳೆಯ ಮರ, ಎಲೆಗಳ ನಡುವೆ ಸೋಸಿ ಬರುವ ಬೆಳಕು, ಗಾಳಿಯ ಸಂಚಾರ, ಮಳೆಗಾಲದ ತೇವ. ಇವು ದೊರೆತೆಡೆಯಲ್ಲಿ ಅದು ಮನೆಯ ಹಿತ್ತಿಲಿನಲ್ಲಿಯೂ ಸುಖವಾಗಿ ಬಾಳುತ್ತದೆ.

ತಪ್ಪು ಕಲ್ಪನೆ: ಕಾಡಿನಿಂದ ತಂದು, ಮಣ್ಣು ಗೊಬ್ಬರ ತುಂಬಿದ ಕುಂಡದಲ್ಲಿ ನೆಟ್ಟರೆ ಇನ್ನಷ್ಟು ಹುಲುಸಾಗುತ್ತದೆ.

ಸತ್ಯ: ಗಾಳಿಗೆ ತೆರೆದುಕೊಂಡೇ ಬದುಕುವ ಬೇರನ್ನು ಹಸಿಮಣ್ಣಿನಲ್ಲಿ ಹೂಳಿದರೆ ಅದು ಕೊಳೆಯುವುದೇ ಸೈ. ಬಿರುಗಾಳಿಗೆ ಮುರಿದು ಬಿದ್ದ ಕೊಂಬೆಯಲ್ಲಿ ಗಿಡವಿದ್ದರೆ, ಅದನ್ನು ಬೇರು ಹರಿಯದಂತೆ ಬಿಡಿಸಿ, ಹಿತ್ತಿಲಿನ ಮಾವಿನ ಮರಕ್ಕೆ ತೆಂಗಿನ ನಾರಿನ ಹಗ್ಗದಿಂದ ಕಟ್ಟುವುದು ಯುಕ್ತವಾದ ಕ್ರಮ. ಹಗ್ಗವು ಜೀರ್ಣವಾಗುವ ಹೊತ್ತಿಗೆ ಬೇರುಗಳು ತಾವೇ ತೊಗಟೆಯನ್ನು ಅಪ್ಪಿಕೊಂಡಿರುತ್ತವೆ.

ತಪ್ಪು ಕಲ್ಪನೆ: ಒಂದು ಕಾಯಿಯಲ್ಲಿ ಅಸಂಖ್ಯ ಬೀಜಗಳಿರುವಾಗ, ಎಷ್ಟು ಕಿತ್ತರೂ ಇದಕ್ಕೆ ಕೊರತೆಯಿಲ್ಲ.

ಸತ್ಯ: ಧೂಳಿನ ಕಣದಷ್ಟು ಸೂಕ್ಷ್ಮವಾದ ಆ ಬೀಜಗಳಲ್ಲಿ ಮೊಳಕೆಗೆ ಬುತ್ತಿಯಾಗಬೇಕಾದ ಆಹಾರಸಂಗ್ರಹವೇ ಇಲ್ಲ. ತಕ್ಕ ಶಿಲೀಂಧ್ರವೊಂದು ಬೀಜದೊಳಕ್ಕೆ ಪ್ರವೇಶಿಸಿ ಪೋಷಕಾಂಶಗಳನ್ನು ಒದಗಿಸಿದ ಹೊರತು ಆರ್ಕಿಡ್‌ಗಳ ಬೀಜವು ನಿಸರ್ಗದಲ್ಲಿ ಮೊಳೆಯಲಾರದೆಂಬುದನ್ನು ಫ್ರಾನ್ಸಿನ ನೋಯೆಲ್ ಬರ್ನಾರ್ಡನು 1899ರಲ್ಲಿ ಕಂಡುಕೊಂಡನು. ಗಾಳಿಯಲ್ಲಿ ತೇಲಿಹೋದ ಬೀಜರಾಶಿಯಲ್ಲಿ ಇಂತಹ ಶಿಲೀಂಧ್ರವಿರುವ ತೊಗಟೆಯನ್ನು ಸೇರುವುದು ಅತ್ಯಲ್ಪ. ಹಾಗೆ ಮೊಳೆತುದೂ ಹೂ ಬಿಡಲು ಹಲವು ವರ್ಷಗಳನ್ನು ತೆಗೆದುಕೊಳ್ಳುತ್ತದೆ. ಗೊಂಚಲನ್ನೆಲ್ಲ ಕಿತ್ತರೆ ಕಾಯಿಗಟ್ಟುವ ಅವಕಾಶವೇ ತಪ್ಪುತ್ತದೆ; ಗಿಡವನ್ನೇ ಕಿತ್ತರೆ ಎಷ್ಟೋ ವರ್ಷಗಳ ಬೆಳವಣಿಗೆ ಒಂದು ಕ್ಷಣದಲ್ಲಿ ನಾಶವಾಗುತ್ತದೆ. ಕಾಡಿನ ಆರ್ಕಿಡ್‌ಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಸೈಟಿಸ್ ಒಪ್ಪಂದವು ನಿಯಂತ್ರಿಸಿರುವುದು ನಿಷ್ಕಾರಣವಲ್ಲ.

ಮರದಿಂದ ಏನನ್ನೂ ಕಸಿಯದ ಈ ಗಿಡವು ಮರವಿಲ್ಲದೆ ಇರಲಾರದು. ರಸ್ತೆಗಾಗಿಯೋ ಕಟ್ಟಡಕ್ಕಾಗಿಯೋ ಹಳೆಯ ಮರವೊಂದು ಉರುಳಿದಾಗ ಅದರ ಮೇಲಣ ಸೀತಾಳೆದಂಡೆಯೂ ಉರುಳುತ್ತದೆ. ಹೊಸದಾಗಿ ನೆಟ್ಟ ಸಸಿ ಅದಕ್ಕೆ ಆಸರೆಯಾಗಲು ದೀರ್ಘಕಾಲ ಬೇಕು. ಆದುದರಿಂದ ಓದುಗರಲ್ಲಿ ನನ್ನ ಬಿನ್ನಹವಿಷ್ಟೇ: ಹೂವನ್ನು ಮರದಲ್ಲಿಯೇ ನೋಡಿ ಆನಂದಿಸಿರಿ, ನಿಮ್ಮ ಹಿತ್ತಿಲಿನ ಹಳೆಯ ಮಾವು ಹಲಸುಗಳನ್ನು ಕಡಿಯದೆ ಉಳಿಸಿರಿ, ಕಡಿಯುವುದು ಅನಿವಾರ್ಯವಾದ ಪಕ್ಷದಲ್ಲಿ ಕೊಡಲಿ ಬೀಳುವ ಮೊದಲೇ ಅದರ ಮೇಲಣ ಗಿಡಗಳನ್ನು ಬಿಡಿಸಿ ಮತ್ತೊಂದು ಮರಕ್ಕೆ ಕಟ್ಟಿರಿ.